ಬಣ್ಣದ ಸಾಕ್ಷ್ಯ

ಕೋಳಿಗೆ ಬರುವ ಬೇನೆಗೆ ನಮ್ಮ ಸಿರಿಗೆರೆಯ ಸುತ್ತಿನ ಹಳ್ಳಿಗಳಲ್ಲಿ ಬಹುಕಾಲ ಎರಡೇ ಹೆಸರುಗಳಿದ್ದವು. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ ಸತ್ತರೆ ಅದು ಕೊಕ್ಕರೆ ರೋಗ; ಜುಟ್ಟಿನ ಮೇಲೆ ಗುಳ್ಳೆಗಳೆದ್ದರೆ ಅದು ಸಿಡುಬು. ಈ ಎರಡಕ್ಕೂ ಹೊಂದದ ಸಾವು ಒದಗಿದಾಗ ‘ಯಾವುದೋ ಗಾಳಿ ಬಡಿಯಿತು’ ಎಂದು ಹೇಳಿ, ಕೋಳಿ ಮುಚ್ಚುವ ಮಂಕರಿಯನ್ನು ಮೂಲೆಗಿಟ್ಟು ಸುಮ್ಮನಾಗುತ್ತಿದ್ದರು. ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿಕೊಂಡವರಿಗೆ ಅಷ್ಟು ವಿವರಣೆ ಸಾಲುತ್ತಿತ್ತು. ನಮ್ಮ ಮನೆಯಲ್ಲಿ ಕೋಳಿ ಸಾಕುವ ಪದ್ಧತಿ ಇರಲಿಲ್ಲ. ಆದರೂ ನೆರೆಮನೆಯ ಹುಂಜದ ಕೂಗಿಗೆ ಎದ್ದು, ಪಾಠ ಓದಿ, ಪರೀಕ್ಷೆಗಳನ್ನು ದಾಟಿದವನಾದುದರಿಂದ ಆ ಪಕ್ಷಿಜಾತಿಯ ಋಣ ನನ್ನ ಮೇಲೆ ಸ್ವಲ್ಪ ಇದೆಯೆಂದೇ ತಿಳಿದಿದ್ದೇನೆ.

ಈಗ ಕಾಲ ಬೇರೆಯಾಗಿದೆ. ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯ ಆಚೀಚೆ, ಒಂದು ಕಾಲದಲ್ಲಿ ಜೋಳ, ರಾಗಿ, ಶೇಂಗಾ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಇಂದು ಮೆಕ್ಕೆಜೋಳ ನಿಂತಿದೆ. ಮೆಕ್ಕೆಜೋಳ ಸಾಕುಕೋಳಿಯ ಮುಖ್ಯ ಆಹಾರ. ಆಹಾರ ಬೆಳೆಯುವಲ್ಲಿಗೆ ಕೋಳಿಯೂ ಬಂದಿತು. ತಗಡು ಹೊದಿಸಿದ, ಜಾಲರಿಯ ಗೋಡೆಯ ಉದ್ದನೆಯ ಶೆಡ್ಡುಗಳು ಹೊಲಗಳ ನಡುವೆ ಎದ್ದವು. ಒಂದೊಂದು ಶೆಡ್ಡಿನಲ್ಲಿ ನಾಲ್ಕೈದು ಸಾವಿರ ಕೋಳಿ. ಅಲ್ಲಿ ‘ಗಾಳಿ ಬಡಿಯಿತು’ ಎಂದರೆ ಸಾಲ ಕೊಟ್ಟ ಬ್ಯಾಂಕಿನವರು ಒಪ್ಪುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಭರಮಸಾಗರದ ಕಡೆ ಇಂಥ ಮೂರು ಶೆಡ್ಡುಗಳನ್ನು ಕಟ್ಟಿಸಿ ಮೊಟ್ಟೆಕೋಳಿ ಸಾಕುತ್ತಿದ್ದಾನೆ. ಹಳಗನ್ನಡ ಪದ್ಯದ ಅನ್ವಯ ಮಾಡೆಂದರೆ ಕಿಟಕಿಯಾಚೆ ನೋಡುತ್ತಿದ್ದ ಹುಡುಗ ಅವನು. ಲೆಕ್ಕದಲ್ಲಿ ಮಾತ್ರ ಬಲು ಚುರುಕು. ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಅವನ ಮೊದಲನೆಯ ಶೆಡ್ಡಿನಲ್ಲಿ ಮೊಟ್ಟೆಯಿಡುವ ದೊಡ್ಡ ಕೋಳಿಗಳಿದ್ದವು; ಎರಡನೆಯದರಲ್ಲಿ ಹದಿನೇಳು ವಾರದ ಹರೆಯದ ಹೇಂಟೆಗಳು; ಮೂರನೆಯದರಲ್ಲಿ ಆರು ವಾರದ ಮರಿಗಳು. ಎರಡನೆಯ ಶೆಡ್ಡಿನ ಹೇಂಟೆಗಳು ಸೊರಗತೊಡಗಿದವು. ಕೆಂಪಗಿರಬೇಕಾದ ಜುಟ್ಟು ಬಿಳಿಚಿಕೊಂಡಿತು. ಎದೆಯ ಮೂಳೆ ಕತ್ತಿಯ ಅಲಗಿನಂತೆ ಕೈಗೆ ಹತ್ತುತ್ತಿತ್ತು, ಹೊಟ್ಟೆ ಮಾತ್ರ ಉಬ್ಬಿತ್ತು. ದಿನಕ್ಕೆ ಒಂದೆರಡು ಸಾಯುತ್ತಿದ್ದದ್ದು ಹತ್ತಾಯಿತು, ಇಪ್ಪತ್ತಾಯಿತು. ಹೇಂಟೆ ಮೊದಲ ಮೊಟ್ಟೆಯಿಡುವುದು ಸುಮಾರು ೧೮ರಿಂದ ೨೦ ವಾರಗಳಿಗೆ. ಅಲ್ಲಿಯವರೆಗೆ ಅದು ತಿಂದ ಕಾಳೆಲ್ಲ ಸಾಲದ ಪುಸ್ತಕದಲ್ಲಿಯೇ ಇರುತ್ತದೆ. ಮೊಟ್ಟೆಯ ಹೊಸ್ತಿಲಿಗೆ ಬಂದ ಕೋಳಿ ಸತ್ತರೆ, ಅದರ ಜೊತೆಗೆ ನಾಲ್ಕು ತಿಂಗಳ ಖರ್ಚೂ ಗುಂಡಿಗೆ ಹೋಗುತ್ತದೆ.

ತಾಲ್ಲೂಕಿನ ಪಶುವೈದ್ಯರು ಬಂದು ಸತ್ತ ಆರು ಕೋಳಿಗಳನ್ನು ಕೊಯ್ದು ನೋಡಿದರು. ಅಂದು ನಾನೂ ಅಲ್ಲಿದ್ದೆ. ಯಕೃತ್ತು ಎರಡರಷ್ಟು ಊದಿತ್ತು. ಅದರ ಕಂದುಗೆಂಪಿನ ಮೈಮೇಲೆ ಬೂದುಬಿಳುಪಿನ ಗಡ್ಡೆಗಳು, ಜೋಳದ ಕಾಳಿನ ಗಾತ್ರದವು ಕೆಲವು, ಅಡಕೆಯ ಗಾತ್ರದವು ಕೆಲವು, ಹರಡಿಕೊಂಡಿದ್ದವು. ಗುಲ್ಮದಲ್ಲಿಯೂ ಅವೇ. ವೈದ್ಯರು ತೊಡೆಯ ಮಾಂಸವನ್ನು ಬಿಡಿಸಿ, ಕಾಲಿಗೆ ಹೋಗುವ ನರವನ್ನು ಬಹಳ ಹೊತ್ತು ಪರೀಕ್ಷಿಸಿದರು. ಅದು ದಪ್ಪವಾಗಿರಲಿಲ್ಲ. “ಗಡ್ಡೆಯ ರೋಗ ಎಂಬುದು ಖಂಡಿತ. ಯಾವ ಗಡ್ಡೆ ಎಂಬುದನ್ನು ನನ್ನ ಕಣ್ಣು ಹೇಳಲಾರದು” ಎಂದು ಹೇಳಿ ಕೈತೊಳೆದುಕೊಂಡರು. ತನಗೆ ಗೊತ್ತಿರುವುದು ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೀಗೆ ನೇರವಾಗಿ ಹೇಳುವವರನ್ನು ಕಂಡರೆ ನನಗೆ ಗೌರವ.

ಕೋಳಿಯ ಮೈಯಲ್ಲಿ ಇಂಥ ಗಡ್ಡೆಗಳನ್ನು ಎಬ್ಬಿಸುವ ಮುಖ್ಯವಾದ ರೋಗಗಳು ಎರಡು. ಒಂದಕ್ಕೆ ಮಾರೆಕ್ ರೋಗವೆಂದು ಹೆಸರು. ಹಂಗೆರಿ ದೇಶದ ಪಶುವೈದ್ಯ ಯೋಸೆಫ್ ಮಾರೆಕ್ ೧೯೦೭ರಲ್ಲಿ ಕಾಲಿನ ಸ್ವಾಧೀನ ತಪ್ಪಿದ ನಾಲ್ಕು ಹುಂಜಗಳನ್ನು ಪರೀಕ್ಷಿಸಿ, ಅವುಗಳ ನರಗಳು ಊದಿಕೊಂಡಿರುವುದನ್ನು ವರ್ಣಿಸಿದ. ಇದರ ಮೂಲ ಹರ್ಪಿಸ್ ಗುಂಪಿನ ಒಂದು ವೈರಸ್ ಎಂಬುದು ೧೯೬೭ರಲ್ಲಿ ಇಂಗ್ಲೆಂಡಿನ ಚರ್ಚಿಲ್ ಮತ್ತು ಬಿಗ್ಸ್ ಅವರ ಕೆಲಸದಿಂದ ತಿಳಿಯಿತು. ಇನ್ನೊಂದು ಲ್ಯುಕೋಸಿಸ್. ಡೆನ್ಮಾರ್ಕಿನ ಎಲ್ಲರ್ಮಾನ್ ಮತ್ತು ಬಾಂಗ್ ಎಂಬವರು ೧೯೦೮ರಲ್ಲಿಯೇ, ಕೋಳಿಯ ರಕ್ತದ ಕ್ಯಾನ್ಸರನ್ನು ಜೀವಕೋಶವಿಲ್ಲದ ಸೋಸಿದ ದ್ರವದಿಂದ ಮತ್ತೊಂದು ಕೋಳಿಗೆ ಹತ್ತಿಸಬಹುದೆಂದು ತೋರಿಸಿದ್ದರು. ಮೂರು ವರ್ಷಗಳ ತರುವಾಯ ಅಮೆರಿಕದ ಪೇಟನ್ ರೌಸ್ ಕೋಳಿಯ ಮತ್ತೊಂದು ಬಗೆಯ ಗಡ್ಡೆಯ ವಿಷಯದಲ್ಲಿ ಅದೇ ಮಾತನ್ನು ಸಾಧಿಸಿದ. ಕ್ಯಾನ್ಸರಿಗೂ ವೈರಸ್ಸಿಗೂ ಸಂಬಂಧವಿದೆಯೆಂದರೆ ಆಗ ಕೇಳುವವರು ಕಡಿಮೆ. ರೌಸನಿಗೆ ನೊಬೆಲ್ ಬಹುಮಾನ ಬಂದದ್ದು ೧೯೬೬ರಲ್ಲಿ. ಅಷ್ಟರಲ್ಲಿ ಅವನಿಗೆ ಎಂಬತ್ತೇಳು ವರ್ಷ!

ಎರಡು ರೋಗಗಳಲ್ಲಿಯೂ ಕೆಟ್ಟು ಬೆಳೆಯುವುದು ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳೇ. ದೇಹವನ್ನು ಸೋಂಕಿನಿಂದ ಕಾಯುವ ಕಾವಲುಗಾರರು ಅವು. ಅವು ಅಂಕೆ ಮೀರಿ ವೃದ್ಧಿಯಾಗಿ ಯಕೃತ್ತು, ಗುಲ್ಮ, ಮೂತ್ರಪಿಂಡಗಳಲ್ಲಿ ಗುಂಪುಗೂಡಿದರೆ ಆ ಕ್ಯಾನ್ಸರಿಗೆ ಲಿಂಫೋಮ ಎನ್ನುತ್ತಾರೆ. ಹೊರಗಣ್ಣಿಗೆ ಎರಡು ರೋಗಗಳ ಗಡ್ಡೆಗಳೂ ಅವಳಿ ಮಕ್ಕಳಂತೆ. ಆದರೆ ಒಳಗೆ ವ್ಯತ್ಯಾಸವಿದೆ. ಮಾರೆಕ್ ರೋಗದಲ್ಲಿ ಕೆಡುವುದು ‘ಟಿ’ ಜಾತಿಯ ಲಿಂಫೋಸೈಟು. ಲ್ಯುಕೋಸಿಸ್‌ನಲ್ಲಿ ಸಾಮಾನ್ಯವಾಗಿ ‘ಬಿ’ ಜಾತಿಯದು. ಮಾರೆಕ್ ವೈರಸ್ ಮೊಟ್ಟೆಯ ಮೂಲಕ ಬರುವುದಿಲ್ಲ. ಗರಿಯ ಬುಡದಿಂದ ಉದುರುವ ಹೊಟ್ಟಿನೊಡನೆ ಗಾಳಿಯಲ್ಲಿ ಹಾರಿ, ಉಸಿರಿನ ಮೂಲಕ ಒಳಸೇರುತ್ತದೆ. ಲ್ಯುಕೋಸಿಸ್ ವೈರಸ್ ತಾಯಿಕೋಳಿಯಿಂದ ಮೊಟ್ಟೆಯೊಳಗೇ ಇಳಿದು ಬರಬಲ್ಲದು. ಎರಡಕ್ಕೂ ಚಿಕಿತ್ಸೆಯಿಲ್ಲ. ಮನುಷ್ಯರಿಗೆ ಇವುಗಳಿಂದ ರೋಗ ಬಂದ ನಿದರ್ಶನವಿಲ್ಲವಾದ್ದರಿಂದ ಓದುಗರು ಗಾಬರಿಯಾಗಬೇಕಾಗಿಲ್ಲ.

ಕಾಲು ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿ ಕೋಳಿ ಬಿದ್ದುಕೊಂಡಿದ್ದರೆ ಹಳ್ಳಿಯ ವೈದ್ಯರೂ ಮಾರೆಕ್ ರೋಗವೆಂದು ಹೇಳಬಲ್ಲರು. ಇಲ್ಲಿ ಹಾಗಿರಲಿಲ್ಲ. ವಯಸ್ಸನ್ನು ನೋಡಿ ನಿರ್ಣಯಿಸೋಣವೆಂದರೆ, ಹದಿನೇಳು ವಾರ ಎಂಬುದು ಎರಡು ರೋಗಗಳಿಗೂ ಸಲ್ಲುವ ವಯಸ್ಸು. ನಿರ್ಣಯವಾಗದೆ ಮುಂದಿನ ಹೆಜ್ಜೆಯನ್ನು ಇಡುವಂತಿರಲಿಲ್ಲ. ಲ್ಯುಕೋಸಿಸ್ ಆಗಿದ್ದರೆ ದೋಷ ಮರಿಗಳ ತಾಯಿಹಿಂಡಿನಲ್ಲಿದೆ. ಅದೇ ಮೂಲದಿಂದ ಬಂದ ಮೂರನೆಯ ಶೆಡ್ಡಿನ ಮರಿಗಳನ್ನೂ ನಂಬುವಂತಿಲ್ಲ, ಮುಂದಿನ ಮರಿಗಳನ್ನು ಬೇರೆ ಕಡೆಯಿಂದ ತರಿಸಬೇಕು. ಮಾರೆಕ್ ಆಗಿದ್ದರೆ ಲಸಿಕೆಯನ್ನೂ ಶೆಡ್ಡಿನ ಧೂಳನ್ನೂ ಪ್ರಶ್ನಿಸಬೇಕು. ಮೂಲವನ್ನು ಬದಲಿಸಿದ ಮಾತ್ರಕ್ಕೆ ಪ್ರಯೋಜನವಿಲ್ಲ.

ಮರಿ ಮಾರಿದವರು, “ಒಂದು ದಿನದ ಮರಿಗೇ ಮಾರೆಕ್ ಲಸಿಕೆ ಹಾಕಿ ಕಳಿಸಿದ್ದೇವೆ, ಅದು ಬರಲು ಸಾಧ್ಯವೇ ಇಲ್ಲ” ಎಂದು ಫೋನಿನಲ್ಲಿ ಹೇಳಿ ಮುಗಿಸಿದರು. ಆಹಾರ ಮಾರುವವರು ಮರಿಯನ್ನು ದೂರಿದರು. ಹೀಗೆ ದೂರು ಕೈಯಿಂದ ಕೈಗೆ ದಾಟುತ್ತ ಹೋಗಿ, ಕೊನೆಗೆ ಅದನ್ನು ಮುಂದಕ್ಕೆ ದಾಟಿಸಲಾರದವರ ಮೇಲೆ ಬಂದು ನಿಂತಿತು. ಶೆಡ್ಡಿನ ಮಗ್ಗುಲಲ್ಲಿ ಒಂದು ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರು ಆಳುಗಳಿದ್ದರು. ಕಾಳು ಹಾಕುವುದು, ಹಿಕ್ಕೆ ಬಳಿಯುವುದು ಅವರ ಕೆಲಸ. ಹೆಂಡತಿ ಏಳು ನಾಟಿಕೋಳಿಗಳನ್ನು ಸಾಕಿಕೊಂಡಿದ್ದಳು. ಹಬ್ಬಹುಣ್ಣಿಮೆಗೆ, ಮಗಳ ಬಾಣಂತನಕ್ಕೆ ಎಂದು ಅವಳು ಕೂಡಿಟ್ಟ ಗಂಟು ಅದು. ಅವುಗಳಿಂದಲೇ ರೋಗ ಬಂತೆಂದು ಯಾರೋ ಹೇಳಿದರು, ನನ್ನ ಶಿಷ್ಯ ನಂಬಿದ. ಒಂದು ಸಂಜೆ ಏಳು ಕೋಳಿಗಳನ್ನೂ ಕೊಲ್ಲಿಸಿ, ಸುಣ್ಣ ಸುರಿಸಿ, ಹೂಳಿಸಿದ. ತಿಂಗಳು ತುಂಬಿದ ಮೇಲೆ ಬೇರೆ ಕಡೆ ಕೆಲಸ ನೋಡಿಕೊಳ್ಳಿರೆಂದು ಅವರಿಗೆ ಹೇಳಿದ.

ಈ ನಡುವೆ ತಾಲ್ಲೂಕಿನ ವೈದ್ಯರು ಯಕೃತ್ತು, ಗುಲ್ಮ, ನರಗಳ ಚೂರುಗಳನ್ನು ಫಾರ್ಮಲಿನ್ ತುಂಬಿದ ಸೀಸೆಗಳಲ್ಲಿ ಬೆಂಗಳೂರಿಗೆ ಕಳಿಸಿದ್ದರು. ಎರಡು ವಾರಗಳಾದ ಮೇಲೆ ಕರೆ ಬಂದಿತು. “ಮೇಷ್ಟ್ರೇ, ಅವರು ಹೇಳುವುದು ನನಗೆ ತಿಳಿಯದಿದ್ದರೆ ನೀವು ಕೇಳಿಕೊಂಡು ಹೇಳಿರಿ, ಬನ್ನಿ” ಎಂದು ಶಿಷ್ಯ ನನ್ನನ್ನೂ ಹೊರಡಿಸಿದ. ಕನ್ನಡ ಎಂ.ಎ. ಓದಿದವನು ಕೋಳಿಯ ಕ್ಯಾನ್ಸರನ್ನು ಏನು ವಿವರಿಸಬಲ್ಲನೋ! ಆದರೂ ಹೊರಟೆ. ಹೆಬ್ಬಾಳ ನಮ್ಮ ನಾಡಿನ ಪಶುವೈದ್ಯಕ್ಕೆ ತವರಿದ್ದಂತೆ. ೧೯೫೮ರಲ್ಲಿ ಅಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಹಳ್ಳಿಯ ಹಿತ್ತಿಲುಗಳಲ್ಲಿ ಹೆಸರಾದ ಗಿರಿರಾಜ ಕೋಳಿ ರೂಪುಗೊಂಡದ್ದೂ ಅಲ್ಲಿಯೇ. ಆ ಕಡೆಯ ಒಂದು ಪ್ರಯೋಗಾಲಯದಲ್ಲಿ ರೋಗಶಾಸ್ತ್ರದ ವೈದ್ಯೆಯೊಬ್ಬರು ನಮ್ಮನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಪಾಠ ಹೇಳುವುದರಲ್ಲಿ ಅವರಿಗೆ ನನಗಿಂತ ಹೆಚ್ಚು ತಾಳ್ಮೆಯಿತ್ತು.

ಅಂಗಾಂಶದ ಚೂರನ್ನು ಮೊದಲು ಮೇಣದಲ್ಲಿ ಹುದುಗಿಸುತ್ತಾರೆ. ಆ ಮೇಣದ ಅಚ್ಚನ್ನು ಯಂತ್ರದಲ್ಲಿಟ್ಟು, ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ತೆಳುವಾದ ಪದರಗಳಾಗಿ ಕೊಯ್ಯುತ್ತಾರೆ. ಪದರವನ್ನು ಗಾಜಿನ ಪಟ್ಟಿಯ ಮೇಲೆ ಹರಡಿದರೆ ಕಣ್ಣಿಗೆ ಏನೂ ಕಾಣದು. ಜೀವಕೋಶಗಳಿಗೆ ಸ್ವಂತ ಬಣ್ಣ ಬಹುಮಟ್ಟಿಗೆ ಇಲ್ಲ. ಆದ್ದರಿಂದ ಬಣ್ಣ ಹಾಕಬೇಕು. ವಾಡಿಕೆಯ ಬಣ್ಣಗಳಲ್ಲಿ ಒಂದಾದ ಹೆಮಟಾಕ್ಸಿಲಿನ್, ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬಂದದ್ದು. ಅದು ಎಲ್ಲ ಕೋಶಗಳ ಕೇಂದ್ರಗಳನ್ನೂ ನೀಲಿಯಾಗಿಸುತ್ತದೆ. ನಮಗೆ ಮೊದಲು ತೋರಿಸಿದ್ದು ಅಂಥ ಪಟ್ಟಿಯನ್ನೇ. ಯಕೃತ್ತಿನ ಗುಲಾಬಿ ಬಣ್ಣದ ಕೋಶಗಳ ನಡುವೆ ನೀಲಿ ಚುಕ್ಕೆಗಳು ಜಾತ್ರೆಯ ಜನದಂತೆ ಒತ್ತರಿಸಿ ನಿಂತಿದ್ದವು. “ಇವುಗಳಲ್ಲಿ ಸಣ್ಣವು, ನಡುವಣವು, ದೊಡ್ಡವು ಎಲ್ಲ ಬೆರೆತಿವೆ, ನೋಡಿ. ಲ್ಯುಕೋಸಿಸ್‌ನಲ್ಲಿ ಎಲ್ಲ ಒಂದೇ ಅಳತೆಯವು ಇರುತ್ತವೆ. ಹಾಗಾಗಿ ನನಗೆ ಮಾರೆಕ್ ರೋಗದ ಅನುಮಾನ ಬಂತು. ಅನುಮಾನ ಅಷ್ಟೇ” ಎಂದರು ವೈದ್ಯೆ.

ರಕ್ತದಲ್ಲಿ ಮಾರೆಕ್ ವೈರಸ್ ಇದೆಯೇ ಎಂದು ನೋಡಿದ್ದರೆ ಮುಗಿಯುತ್ತಿರಲಿಲ್ಲವೇ ಎಂದು ನಾನು ಕೇಳಿದೆ. ಅವರ ಉತ್ತರ ನನಗೆ ಈ ಪ್ರಕರಣದ ತಿರುಳಾಗಿ ತೋರಿತು. ಈ ವೈರಸ್ ಕೋಳಿ ಸಾಕಣೆಯಿರುವ ಕಡೆಗಳಲ್ಲೆಲ್ಲ ಇದೆ. ಲಸಿಕೆ ಗಡ್ಡೆಯನ್ನು ತಡೆಯುತ್ತದೆಯೇ ಹೊರತು ವೈರಸ್ ಮೈಯೊಳಗೆ ಸೇರುವುದನ್ನು ತಡೆಯುವುದಿಲ್ಲ. ಲಸಿಕೆ ಪಡೆದು ಆರೋಗ್ಯವಾಗಿರುವ ಕೋಳಿಯೂ ಅದನ್ನು ಹೊತ್ತು ತಿರುಗುತ್ತಿರಬಹುದು, ಗರಿಯ ಹೊಟ್ಟಿನೊಡನೆ ಹೊರಚೆಲ್ಲುತ್ತಲೂ ಇರಬಹುದು. ಕೋಳಿ ಲ್ಯುಕೋಸಿಸ್‌ನಿಂದ ಸಾಯುತ್ತಿರುವಾಗಲೂ ರಕ್ತದಲ್ಲಿ ಮಾರೆಕ್ ವೈರಸ್ ಸಿಕ್ಕೀತು. ಕಳ್ಳತನವಾದ ದಿನ ಸಂತೆಯಲ್ಲಿದ್ದವರೆಲ್ಲ ಕಳ್ಳರೆಂದು ಹೇಳಲಾದೀತೆ? ಆದುದರಿಂದ ಕೇಳಬೇಕಾದದ್ದು, ಗಡ್ಡೆಯಾಗಿರುವ ಕೋಶ ಯಾವ ಜಾತಿಯದು ಮತ್ತು ಆ ಕೋಶದೊಳಗೇ ವೈರಸ್ ಕೆಲಸ ಮಾಡುತ್ತಿದೆಯೇ ಎಂಬುದು. ಈ ಪ್ರಶ್ನೆಗೆ ಉತ್ತರಿಸುವುದು ಪ್ರತಿಕಾಯಗಳ ಬಣ್ಣ.

ನಮ್ಮ ಜಿಲ್ಲೆಯ ಮೊಳಕಾಲ್ಮೂರಿನಲ್ಲಿ ರೇಷ್ಮೆಗೆ ಬಣ್ಣ ಕಟ್ಟುವುದನ್ನು ಕಂಡವರಿಗೆ ಗೊತ್ತು, ಲಡಿಯನ್ನು ಬಣ್ಣದ ನೀರಿನಲ್ಲಿ ಅದ್ದಿದರೆ ಎಳೆ ಎಳೆಗೂ ಬಣ್ಣ ಹಿಡಿಯುತ್ತದೆ. ಸಾವಿರ ಎಳೆಗಳಲ್ಲಿ ತನಗೆ ಬೇಕಾದ ಒಂದೇ ಎಳೆಯನ್ನು ಹುಡುಕಿ, ಅದನ್ನು ಮಾತ್ರ ಹಿಡಿದು, ಉಳಿದವನ್ನು ಬಿಟ್ಟುಬಿಡುವ ಬಣ್ಣವೊಂದಿದ್ದರೆ? ಪ್ರತಿಕಾಯ ಮಾಡುವ ಕೆಲಸ ಅದೇ. ದೇಹಕ್ಕೆ ಹೊರಗಿನ ವಸ್ತು ಸೇರಿದಾಗ ಅದಕ್ಕೇ ಹೊಂದುವ ಪ್ರತಿಕಾಯಗಳನ್ನು ದೇಹ ತಯಾರಿಸುತ್ತದೆ. ಕೋಳಿಯ ಕೋಶದ ಒಂದು ಪ್ರೋಟೀನನ್ನು ಮೊಲಕ್ಕೋ ಇಲಿಗೋ ಚುಚ್ಚಿದರೆ, ಆ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯಗಳು ಅದರ ರಕ್ತದಲ್ಲಿ ಹುಟ್ಟುತ್ತವೆ. ಅಮೆರಿಕದ ಆಲ್ಬರ್ಟ್ ಕೂನ್ಸ್ ೧೯೪೧ರಲ್ಲಿ ಪ್ರತಿಕಾಯಕ್ಕೆ ಹೊಳೆಯುವ ಒಂದು ವಸ್ತುವನ್ನು ಕಟ್ಟಿ, ಅದು ಎಲ್ಲಿ ಅಂಟಿದೆ ಎಂಬುದನ್ನು ನೇರಿಳೆಯಾಚೆಯ ಬೆಳಕಿನಲ್ಲಿ ಕಂಡ. ೧೯೬೬ರಲ್ಲಿ ನಕಾನೆ ಮತ್ತು ಪಿಯರ್ಸ್ ಎಂಬವರು ಹೊಳೆಯುವ ವಸ್ತುವಿನ ಬದಲು ಒಂದು ಕಿಣ್ವವನ್ನು ಕಟ್ಟಿದರು. ಮೂಲಂಗಿಯ ದೂರದ ಬಂಧುವಾದ ಒಂದು ಗಿಡದ ಬೇರಿನಿಂದ ತೆಗೆದ ಕಿಣ್ವ ಅದು. ಅದಕ್ಕೆ ತಕ್ಕ ರಾಸಾಯನಿಕವನ್ನು ಸುರಿದರೆ, ಪ್ರತಿಕಾಯ ಅಂಟಿದ ಜಾಗದಲ್ಲಿ ಮಾತ್ರ ಕಂದುಬಣ್ಣ ಮೂಡಿ ಅಲ್ಲಿಯೇ ನಿಲ್ಲುತ್ತದೆ. ಸಾಧಾರಣ ಸೂಕ್ಷ್ಮದರ್ಶಕವೇ ಸಾಕು. ೧೯೭೫ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಪ್ರತಿಕಾಯ ತಯಾರಿಸುವ ಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ದಾರಿ ತೋರಿದರು. ಕ್ಯಾನ್ಸರನ್ನು ಹುಡುಕುವ ಕೆಲಸದಲ್ಲಿ ಕ್ಯಾನ್ಸರ್ ಕೋಶವೇ ಕೂಲಿಯಾಳಾಗಿ ದುಡಿಯುತ್ತಿದೆ ಎಂದು ನನಗೆ ನಗು ಬಂದಿತು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಪ್ರತಿಕಾಯಗಳು ದೇಹದಲ್ಲಿ ಎಲ್ಲಿಂದ ಹುಟ್ಟುತ್ತವೆ ಎಂಬುದರ ಸುಳಿವನ್ನು ಮನುಷ್ಯರಿಗೆ ಕೊಟ್ಟದ್ದು ಕೋಳಿಯೇ. ಕೋಳಿಯ ಮಲದ್ವಾರದ ಮೇಲ್ಗಡೆ ಎಲೆಅಡಿಕೆಯ ಸಂಚಿಯಂಥ ಒಂದು ಪುಟ್ಟ ಚೀಲವಿದೆ. ಇಟಲಿಯ ಫ್ಯಾಬ್ರಿಷಿಯಸ್‌ನ ಹೆಸರಿನಿಂದ ಅದನ್ನು ಫ್ಯಾಬ್ರಿಷಿಯಸ್‌ನ ಬರ್ಸ ಎನ್ನುತ್ತಾರೆ. ಅದರ ಉಪಯೋಗ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಕೆಲವು ಕೋಳಿಗಳಲ್ಲಿ ಅದನ್ನು ಕತ್ತರಿಸಿ ತೆಗೆದಿದ್ದ. ಅವನ ಸ್ನೇಹಿತನಾದ ತಿಮೋತಿ ಚಾಂಗ್ ತರಗತಿಯಲ್ಲಿ ಪ್ರತಿಕಾಯಗಳನ್ನು ತೋರಿಸಬೇಕಾಗಿ ಬಂದು, ಆ ಕೋಳಿಗಳನ್ನೇ ತೆಗೆದುಕೊಂಡು ಹೋಗಿ ಬ್ಯಾಕ್ಟೀರಿಯದ ಚುಚ್ಚುಮದ್ದು ಕೊಟ್ಟ. ಬರ್ಸವಿಲ್ಲದ ಕೋಳಿಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. ಪಾಠ ಕೆಟ್ಟಿತು, ಶೋಧ ಫಲಿಸಿತು. ಹೆಸರಾಂತ ಪತ್ರಿಕೆಯೊಂದು ಈ ಲೇಖನವನ್ನು ಬೇಡವೆಂದು ಹಿಂದಿರುಗಿಸಿದ್ದರಿಂದ, ೧೯೫೬ರಲ್ಲಿ ಕೋಳಿಸಾಕಣೆಯ ಪತ್ರಿಕೆಯೊಂದರಲ್ಲಿ ಅದು ಅಚ್ಚಾಯಿತು. ‘ಬಿ’ ಜಾತಿಯ ಲಿಂಫೋಸೈಟಿಗೆ ಆ ಅಕ್ಷರ ಬಂದದ್ದು ಈ ಬರ್ಸದ ದೆಸೆಯಿಂದಲೇ; ‘ಟಿ’ ಎಂಬುದು ಥೈಮಸ್ ಗ್ರಂಥಿಯಿಂದ. ಇಂದು ಮನುಷ್ಯರ ಆಸ್ಪತ್ರೆಗಳಲ್ಲಿ ಲಿಂಫೋಮವನ್ನು ‘ಬಿ’, ‘ಟಿ’ ಎಂದು ವಿಂಗಡಿಸುವಾಗಲೆಲ್ಲ ಒಂದು ಕೋಳಿಯ ಹೆಸರು ಅರಿವಿಲ್ಲದೆ ಬಾಯಿಗೆ ಬರುತ್ತದೆ.

ವೈದ್ಯೆ ಎರಡನೆಯ ಪಟ್ಟಿಯನ್ನಿಟ್ಟರು. ಅದು ಟಿ-ಕೋಶಗಳನ್ನು ಹಿಡಿಯುವ ಪ್ರತಿಕಾಯ ಹಾಕಿದ್ದು. ಕಣ್ಣಿಟ್ಟು ನೋಡಿದರೆ, ಮೊದಲು ನೀಲಿಯಾಗಿ ಕಂಡ ಆ ಜಾತ್ರೆಯ ಬಹುಪಾಲು ಕೋಶಗಳ ಸುತ್ತ ಕಾಫಿಪುಡಿಯ ಬಣ್ಣದ ಬಳೆ! ಗಡ್ಡೆಯ ಹೊರಗಿನ ಯಕೃತ್ತಿನ ಕೋಶಗಳು ಬರಿಯ ನಸುನೀಲಿ. ಮೂರನೆಯದು ಬಿ-ಕೋಶಗಳಿಗೆ ಹಾಕಿದ್ದು. ಅಲ್ಲೊಂದು ಇಲ್ಲೊಂದು ಕಂದುಚುಕ್ಕೆ ಇತ್ತೇ ವಿನಾ ಹೆಚ್ಚಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವೆಂದರು. ಮಾರೆಕ್ ವೈರಸ್ ತನ್ನ ಒಂದು ಪ್ರೋಟೀನಿನಿಂದ ಕೋಶವನ್ನು ಬಿಡುವಿಲ್ಲದೆ ಒಡೆದು ಬೆಳೆಯುವಂತೆ ಪ್ರೇರಿಸುತ್ತದೆ. ‘ಮೆಕ್’ ಎಂದು ಅದಕ್ಕೆ ಹೆಸರು. ಲಸಿಕೆಗೆ ಬಳಸುವ ಟರ್ಕಿಕೋಳಿಯ ವೈರಸ್ಸಿನಲ್ಲಿ ಅದು ಇಲ್ಲ. ಮೆಕ್ ಹಿಡಿಯುವ ಪ್ರತಿಕಾಯ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವಂಥದಲ್ಲ. ಅದರ ಮೇಲೆ ಸಂಶೋಧನೆ ಮಾಡುವವರನ್ನು ಕೇಳಿ ತರಿಸಿದ್ದರಂತೆ. ಆ ಪಟ್ಟಿಯಲ್ಲಿ ಕಂದುಬಣ್ಣ ಕೋಶದ ಸುತ್ತ ಇರಲಿಲ್ಲ, ನಡುವಿನ ಕೇಂದ್ರದಲ್ಲಿಯೇ ಕೂತಿತ್ತು. ಶಿಷ್ಯ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಅವನ ಸಾಲವೆಲ್ಲ ಆ ಚುಕ್ಕೆಗಳಲ್ಲಿತ್ತು.

ನಾವು ಏಳಬೇಕೆಂದಿರುವಾಗ ಆಕೆ ತಡೆದು ಇನ್ನೆರಡು ಪಟ್ಟಿಗಳನ್ನು ತೋರಿಸಿದರು. ಒಂದು ಆರೋಗ್ಯವಂತ ಕೋಳಿಯ ಯಕೃತ್ತು. ಇನ್ನೊಂದು ನಮ್ಮದೇ ಕೋಳಿಯ ಗಡ್ಡೆ, ಆದರೆ ಅದಕ್ಕೆ ಮೆಕ್ ಪ್ರತಿಕಾಯವನ್ನು ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಹಾಕಲಾಗಿತ್ತು. ಎರಡರಲ್ಲಿಯೂ ಕಂದುಬಣ್ಣವಿರಲಿಲ್ಲ. “ಬಣ್ಣ ತಾನಾಗಿಯೇ ಎಲ್ಲಿಯಾದರೂ ಅಂಟಿಕೊಂಡುಬಿಡಬಹುದು. ಅಂಟಬಾರದ ಕಡೆ ಅಂಟಿಲ್ಲ ಎಂಬುದನ್ನು ನೋಡದೆ, ಅಂಟಿದ್ದನ್ನು ನಾನು ನಂಬುವುದಿಲ್ಲ” ಎಂದರು. ಮೂವತ್ತು ವರ್ಷಕ್ಕೂ ಮಿಕ್ಕಿ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ, ಒಂದು ಉತ್ತರವನ್ನು ಪರೀಕ್ಷಿಸುವ ಇಷ್ಟು ನಿಷ್ಠುರವಾದ ವಿಧಾನ ಹೊಳೆದಿರಲಿಲ್ಲ.

“ಹಾಗಾದರೆ ಲಸಿಕೆ ಹಾಕದೆಯೇ ಮರಿ ಕೊಟ್ಟರು ಅಂತ ಆಯಿತಲ್ಲ ಮೇಡಂ?” ಎಂದು ಶಿಷ್ಯ ಕೇಳಿದ.

“ಅದನ್ನು ಈ ಗಾಜು ಹೇಳುವುದಿಲ್ಲ.”

“ಆಳುಗಳ ನಾಟಿಕೋಳಿಯಿಂದ ಬಂದಿರಬಹುದಾ?”

“ಅದನ್ನೂ ಹೇಳುವುದಿಲ್ಲ. ಇದು ಮಾರೆಕ್ ರೋಗ, ಅಷ್ಟನ್ನು ಹೇಳುತ್ತದೆ. ಯಾರು ತಂದರು ಎಂಬುದಕ್ಕೆ ಇದರಲ್ಲಿ ಬಣ್ಣವಿಲ್ಲ.”

ಆಮೇಲೆ ಅವರೇ ಪ್ರಶ್ನೆಗಳನ್ನು ಕೇಳಿದರು. ಶೆಡ್ಡುಗಳ ನಡುವೆ ಎಷ್ಟು ದೂರವಿದೆ? ಮೂವತ್ತು ಅಡಿ. ದೊಡ್ಡ ಕೋಳಿಗಳ ಶೆಡ್ಡಿನಿಂದ ಗಾಳಿ ಯಾವ ಕಡೆಗೆ ಬೀಸುತ್ತದೆ? ಮರಿಗಳ ಕಡೆಗೆ. ಹೊಸ ಮರಿಗಳನ್ನು ಇಳಿಸುವ ಮೊದಲು ನೆಲದ ಶೇಂಗಾಸಿಪ್ಪೆಯನ್ನು ತೆಗೆಸಿದ್ದಿರಾ? ಮೇಲುಮೇಲಿನದನ್ನು ತೆಗೆಸಿ ಹೊಸದನ್ನು ಹರಡಿದ್ದೆ. ಒಣಗಿದ ಗರಿಹೊಟ್ಟಿನಲ್ಲಿ ಈ ವೈರಸ್ ತಿಂಗಳುಗಟ್ಟಲೆ ಜೀವದಿಂದಿರಬಲ್ಲದು. ಲಸಿಕೆ ಹಾಕಿದ ಮರಿಯ ಮೈಯಲ್ಲಿ ರಕ್ಷಣೆ ಮೂಡಲು ಒಂದು ವಾರವಾದರೂ ಬೇಕು. ಆ ಒಂದು ವಾರದಲ್ಲಿ ಧೂಳು ಮರಿಯ ಮೂಗಿಗೆ ಸೇರಿದರೆ ಲಸಿಕೆ ಓಟದಲ್ಲಿ ಹಿಂದೆ ಬಿದ್ದಂತೆ. ಲಸಿಕೆಯದ್ದೂ ನಾಜೂಕಿನ ವ್ಯವಹಾರ. ಅದನ್ನು ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಇಟ್ಟಿರುತ್ತಾರೆ, ಕರಗಿಸಿದ ಬಳಿಕ ಬೇಗನೆ ಬಳಸಿ ಮುಗಿಸಬೇಕು. ಮರಿ ಮಾರಿದವರಲ್ಲಿ ಅದು ಹೇಗೆ ನಡೆಯಿತೋ ಯಾರು ಬಲ್ಲರು? ನಾಟಿಕೋಳಿಗಳೂ ವೈರಸ್ಸನ್ನು ಹೊತ್ತಿರಬಹುದಾದ್ದರಿಂದ ಅವುಗಳನ್ನು ಫಾರಮಿನಲ್ಲಿ ಇಟ್ಟುಕೊಳ್ಳಬಾರದು ಎಂಬುದನ್ನೂ ಆಕೆ ಸ್ಪಷ್ಟವಾಗಿ ಹೇಳಿದರು. ಇದನ್ನು ನಾನು ಮುಚ್ಚಿಡುವುದಿಲ್ಲ.

ಈ ರೋಗಕ್ಕೆ ಲಸಿಕೆ ಬಂದದ್ದು ಸಣ್ಣ ಸಂಗತಿಯೇನಲ್ಲ. ೧೯೬೯ ಮತ್ತು ೧೯೭೦ರಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಸಿದ್ಧವಾದ ಆ ಲಸಿಕೆಗಳು ಯಾವುದೇ ಪ್ರಾಣಿಯ ಕ್ಯಾನ್ಸರನ್ನು ತಡೆದ ಮೊದಲ ಲಸಿಕೆಗಳು. ಅದು ಇಲ್ಲದಿದ್ದರೆ ಇಂದಿನ ಕೋಳಿಸಾಕಣೆಯೇ ಸಾಧ್ಯವಾಗುತ್ತಿರಲಿಲ್ಲವೇನೋ. ಆದರೆ ಹಿಂದಿರುಗುವ ದಾರಿಯಲ್ಲಿ ನನ್ನ ಶಿಷ್ಯನ ತಲೆಯಲ್ಲಿದ್ದದ್ದು ಮೂವತ್ತು ಅಡಿಯ ಲೆಕ್ಕ. ಶಿರಾ ದಾಟುವವರೆಗೂ ಅವನು ಮಾತಾಡಲಿಲ್ಲ. ಹಿರಿಯೂರಿನಲ್ಲಿ ಚಹ ಕುಡಿಯಲು ಇಳಿದಾಗ, “ಆ ಗಂಡ ಹೆಂಡತಿ ಇರಲಿ ಮೇಷ್ಟ್ರೇ, ಎಲ್ಲಿಗೆ ಹೋಗುತ್ತಾರೆ” ಎಂದ.

ಎರಡನೆಯ ಶೆಡ್ಡನ್ನು ಅವನು ಖಾಲಿ ಮಾಡಿಸಿದ. ಸಿಪ್ಪೆಯನ್ನು ಬುಡಮಟ್ಟ ತೆಗೆಸಿ ದೂರ ಸಾಗಿಸಿದ. ನೆಲ, ಜಾಲರಿ, ತಗಡಿನ ಒಳಮೈಯನ್ನೆಲ್ಲ ತೊಳೆಸಿ, ಔಷಧಿ ಹೊಡೆಸಿ, ಎರಡು ತಿಂಗಳು ಬಿಸಿಲಿಗೆ ಬಿಟ್ಟ. ಮರಿಗಳಿಗಾಗಿ ಹೊಲದ ಮತ್ತೊಂದು ಕೊನೆಯಲ್ಲಿ, ಗಾಳಿಯ ಎದುರು ದಿಕ್ಕಿಗೆ, ಬೇರೆ ಶೆಡ್ಡನ್ನು ಕಟ್ಟಿಸಿದ. ಅದಕ್ಕೆ ಹೋಗುವವರಿಗೆ ಬೇರೆ ಚಪ್ಪಲಿ, ಬಾಗಿಲಲ್ಲಿ ಔಷಧಿನೀರಿನ ತೊಟ್ಟಿ. ಆರು ವಾರದ ಮರಿಗಳಲ್ಲಿ ಕೆಲವು ಮುಂದೆ ಅದೇ ರೋಗದಿಂದ ಸತ್ತವು, ಹೆಚ್ಚಿನವು ಉಳಿದವು. ಸಾಲ ಇನ್ನೂ ತೀರಿಲ್ಲ.

ನಾಟಿಕೋಳಿ ಸಾಕಿದ್ದ ಹೆಂಗಸನ್ನು ನಾನು ಕಂಡದ್ದು ಹದಿನೈದು ದಿನಗಳ ಮೇಲೆ. ಹೊಸ ಶೆಡ್ಡಿನ ಮುಂದೆ ಸಿಪ್ಪೆ ಹರಡುತ್ತಿದ್ದಳು. ಬೆಂಗಳೂರಿನಲ್ಲಿ ಏನು ನೋಡಿದಿರೆಂದು ಕೇಳಿದಳು. ಗಡ್ಡೆಯನ್ನು ತೆಳುವಾಗಿ ಕೊಯ್ದದ್ದು, ನೀಲಿಬಣ್ಣ, ಕಂದುಬಣ್ಣ ಎಲ್ಲವನ್ನೂ ನನಗೆ ತಿಳಿದಷ್ಟು ಹೇಳಿದೆ. ಗಮನವಿಟ್ಟು ಕೇಳಿದಳು.

“ನಮ್ಮ ಏಳು ಕೋಳೀನೂ ಹಂಗೇ ಕಳ್ಸಿದ್ರಾ ಮೇಷ್ಟ್ರೇ? ಅವುಕ್ಕೇನಿತ್ತಂತೆ?”

ಕಳಿಸಿರಲಿಲ್ಲ. ಒಂದರ ಯಕೃತ್ತನ್ನೂ ಯಾರೂ ಸೀಸೆಗೆ ಹಾಕಿರಲಿಲ್ಲ. ಹಾಗೆಂದು ಹೇಳಿದೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಶೇಂಗಾಸಿಪ್ಪೆಯ ಇನ್ನೊಂದು ಚೀಲವನ್ನು ನೆಲಕ್ಕೆ ಸುರಿದಳು.